ಊಟದ ಹಟವೂ ಅಡಿಗೆಯ ಅಭ್ಯಾಸವೂ

ಬೆಳೆಯೆಂಬುದು ಕಣದಲ್ಲಿ ಮುಗಿಯತಕ್ಕ ಸಂಗತಿಯಲ್ಲ. ಉತ್ತು, ಬಿತ್ತಿ, ಕಳೆ ಕಿತ್ತು, ಕೊಯ್ದು, ಒಕ್ಕಿ, ತೂರಿ, ಅಳೆದು ಮನೆಗೆ ತಂದ ಧಾನ್ಯವು ಒಲೆಯ ಮೇಲೆ ಬೆಂದು ಮನೆಮಂದಿಯ ಮೈಗೆ ಹತ್ತಿದಾಗಲೇ ರೈತನ ದುಡಿಮೆಯು ಪೂರ್ಣವಾಯಿತೆಂದು ಹೇಳಬಹುದು. ಬೀಜ, ಗೊಬ್ಬರ, ನೀರು, ಕೀಟ ಇವುಗಳ ವಿಷಯವಾಗಿ ಎಷ್ಟು ಬರೆದರೂ, ಬೆಳೆದ ಪದಾರ್ಥವನ್ನು ಬೆಳೆದವನ ಮಕ್ಕಳೇ ಮುಟ್ಟದೆ ತಟ್ಟೆಯನ್ನು ಪಕ್ಕಕ್ಕೆ ಸರಿಸುವುದಾದರೆ ಆ ಬರಹದಿಂದ ಬಂದ ಲಾಭವೇನು? ಆದಕಾರಣ ಊಟದಲ್ಲಿ ಹಟ ಹಿಡಿಯುವ ಅಭ್ಯಾಸವು ವ್ಯವಸಾಯಕ್ಕೆ ಸಂಬಂಧಪಟ್ಟ ವಿಷಯವೇ ಆಗಿದೆ. ಇದನ್ನು ಹೆಂಗಸರ ಗೊಡವೆಯೆಂದು ಬದಿಗೊತ್ತುವುದು ಗ್ರಾಮದ ಹಿರಿಯರಿಗೆ ತಕ್ಕುದಲ್ಲ.

ನಂಜನಗೂಡು ತಾಲ್ಲೂಕಿನ ತಾಂಡವಪುರದ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೈಸೂರಿಗೂ ನಂಜನಗೂಡಿಗೂ ನಡುವೆ ಹೆದ್ದಾರಿಯ ಮತ್ತು ರೈಲುದಾರಿಯ ಮಗ್ಗುಲಲ್ಲಿರುವ ಈ ಊರಿನ ಸುತ್ತ ಹೊಲಗದ್ದೆಗಳಿವೆ. ಅವುಗಳ ಪಕ್ಕದಲ್ಲಿಯೇ ಕೈಗಾರಿಕಾ ಪ್ರದೇಶವೂ ಬೆಳೆದಿದೆ. ನಂಜನಗೂಡಿನಿಂದ ತಿರುಮಕೂಡಲು ನರಸೀಪುರದ ಸಂಗಮದವರೆಗಿನ ಕಪಿಲಾ ತೀರದ ಸೀಮೆಯು ರಾಗಿ, ಅವರೆ, ತೊಗರಿ, ಹುರುಳಿ, ಅಲಸಂದೆಗಳನ್ನು ತಲೆಮಾರುಗಳಿಂದ ಬೆಳೆದು ಉಂಡ ಸೀಮೆ. ಕಬಿನಿ ಜಲಾಶಯವು 1974ರಲ್ಲಿ ಮುಗಿದು ನಾಲೆಯ ನೀರು ಹರಿದ ಕಡೆಗಳಲ್ಲಿ ಬತ್ತವು ಹೆಚ್ಚಾಯಿತು. ಈಗ ಮನೆಯ ಒಬ್ಬ ಮಗನು ಹೊಲಕ್ಕೆ ಹೋದರೆ ಮತ್ತೊಬ್ಬನು ಕಾರ್ಖಾನೆಯ ಪಾಳಿಗೆ ಹೋಗುತ್ತಾನೆ. ಮೂರನೆಯವನು ಕಾಲೇಜಿಗೆ ಹೋಗುತ್ತಾನೆ. ಮೂವರೂ ಒಂದೇ ಒಲೆಯ ಮುಂದೆ ಕುಳಿತರೂ ಮೂವರ ನಾಲಗೆಯೂ ಬೇರೆ ಬೇರೆ.

ಇಂಥ ಮನೆಗಳಲ್ಲಿ ನಡೆಯುವುದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಒಬ್ಬನಿಗೆ ಹಿಟ್ಟು ಬೇಡ. ಅದು ಗಂಟಲಿಗೆ ಅಂಟುತ್ತದೆಂದು ದೂರು. ಮತ್ತೊಬ್ಬನಿಗೆ ಸೊಪ್ಪು ಬೇಡ. ಇನ್ನೊಬ್ಬನಿಗೆ ಬೆಂಡೆಯ ಲೋಳೆ ಆಗದು, ಬದನೆಯ ಬೀಜ ಆಗದು, ಹಾಗಲದ ಹೆಸರೇ ಆಗದು. ತಾಯಿಯೋ ಅತ್ತಿಗೆಯೋ ಒಂದು ಹೊತ್ತಿಗೆ ಮೂರು ಬಗೆಯ ಅಡಿಗೆ ಮಾಡುತ್ತಾಳೆ; ಉಳಿದದ್ದನ್ನು ಕಡೆಯಲ್ಲಿ ತಾನೇ ತಿನ್ನುತ್ತಾಳೆ, ಇಲ್ಲವೇ ದನದ ಬಾನಿಗೆ ಸುರಿಯುತ್ತಾಳೆ. ಹಟ ಮಾಡಿದವನು ಹೋಟೆಲಿನ ಕರಿದ ತಿಂಡಿಯಿಂದಲೋ ಅಂಗಡಿಯ ಪೊಟ್ಟಣದಿಂದಲೋ ಹೊಟ್ಟೆ ತುಂಬಿಸಿಕೊಳ್ಳುತ್ತಾನೆ. ಮನೆಯ ರಾಗಿಯು ಮೂಟೆಯಲ್ಲಿಯೇ ಉಳಿಯುತ್ತದೆ.

ಇದರಿಂದ ಆಗುವ ನಷ್ಟ

ಮೊದಲನೆಯದು ದೇಹದ ನಷ್ಟ. ನೂರು ಗ್ರಾಮು ರಾಗಿಯಲ್ಲಿ ಸುಮಾರು 340 ಮಿಲಿಗ್ರಾಮಿನಷ್ಟು ಸುಣ್ಣದ ಅಂಶವಿರುತ್ತದೆ. ಅಷ್ಟೇ ತೂಕದ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿನ ಆಸುಪಾಸು ಮಾತ್ರ. ಬೆಳೆಯುವ ಮಗುವಿನ ಎಲುಬಿಗೂ ಬಾಣಂತಿಯ ದೇಹಕ್ಕೂ ಈ ವ್ಯತ್ಯಾಸವು ಸಣ್ಣದಲ್ಲ. ಅಕ್ಕಿಯನ್ನು ಬೆಳ್ಳಗೆ ತಿಕ್ಕಿದಷ್ಟೂ ತೌಡಿನೊಡನೆ ಜೀವಸತ್ವಗಳು ಹೋಗುತ್ತವೆಂಬುದು ಹಳೆಯ ವಿಷಯ. ಜಾವಾ ದ್ವೀಪದಲ್ಲಿ ಕೆಲಸ ಮಾಡುತ್ತಿದ್ದ ಡಚ್ ವೈದ್ಯನಾದ ಐಕ್‌ಮನ್ ಎಂಬುವನು, ಬರಿಯ ಬಿಳಿ ಅಕ್ಕಿಯನ್ನು ತಿಂದ ಕೋಳಿಗಳು ಕಾಲುಸೋತು ಬೀಳುವುದನ್ನೂ, ತೌಡಿರುವ ಅಕ್ಕಿಯನ್ನು ಕೊಟ್ಟಾಗ ಚೇತರಿಸಿಕೊಳ್ಳುವುದನ್ನೂ 1890ರ ದಶಕದಲ್ಲಿಯೇ ಕಂಡನು. 1929ರಲ್ಲಿ ಅವನಿಗೆ ನೊಬೆಲ್ ಬಹುಮಾನವು ದೊರೆಯಿತು. ಹೀಗಿದ್ದರೂ ಬಿಳಿಯ ಅನ್ನವೇ ಅಂತಸ್ತಿನ ಗುರುತೆಂಬ ಭಾವನೆಯು ಹಳ್ಳಿಗಳಿಂದ ಹೋಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು, ಹಟವೊಂದೇ ಅಲ್ಲ. ಆದರೆ ಸೊಪ್ಪು, ಕಾಳು ಮನೆಯಲ್ಲಿದ್ದೂ ಮಗುವಿನ ಬಾಯಿಗೆ ಹೋಗದಿರುವುದು ಆ ಕಾರಣಗಳಲ್ಲಿ ಒಂದೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಎರಡನೆಯದು ಹೊಲದ ನಷ್ಟ. ತಿನ್ನುವವರಿಲ್ಲದ ಬೆಳೆಯು ಬಹುಕಾಲ ಹೊಲದಲ್ಲಿ ನಿಲ್ಲದು. ನವಣೆ, ಸಾಮೆ, ಹಾರಕಗಳು ಅನೇಕ ಊರುಗಳಲ್ಲಿ ಮರೆಯಾದುದು ಮಳೆಯ ಕೊರತೆಯಿಂದಲ್ಲ. ಅವನ್ನು ಕುಟ್ಟಿ ಬೇಯಿಸಿ ರುಚಿಯಾಗಿ ಬಡಿಸುವ ಬಗೆಯು ಅಡಿಗೆಮನೆಯಲ್ಲಿ ಮರೆತುಹೋದದ್ದೂ ಅದಕ್ಕೆ ಕಾರಣ. ವಿಶ್ವಸಂಸ್ಥೆಯು ಭಾರತದ ಸೂಚನೆಯ ಮೇಲೆ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆಚರಣೆಯು ಒಂದು ವರ್ಷಕ್ಕೆ ಮುಗಿಯಿತು. ಬೀಜವು ಉಳಿಯಬೇಕಾದರೆ ಪ್ರತಿದಿನದ ಊಟದಲ್ಲಿ ಅದಕ್ಕೆ ಸ್ಥಳವಿರಬೇಕು.

ಮೂರನೆಯದು ಹಣದ ನಷ್ಟ. 2025-26ರ ಸಾಲಿಗೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿಗಳ ಬೆಂಬಲ ಬೆಲೆಯನ್ನು ಗೊತ್ತುಮಾಡಲಾಯಿತು. ಬೆಲೆ ಬಂದಿತೆಂದು ರಾಗಿಯನ್ನು ಮಾರುವುದು ತಪ್ಪಲ್ಲ, ಅದು ಒಕ್ಕಲುತನದ ಧರ್ಮ. ಮನೆಯಲ್ಲಿ ತಿನ್ನುವವರಿಲ್ಲವೆಂದು ಮಾರಿ, ಆ ಹಣದಲ್ಲಿ ಪೊಟ್ಟಣದ ತಿಂಡಿಯನ್ನು ಕೊಂಡು ತರುವುದು ಮಾತ್ರ ಅವಿವೇಕವೇ ಸರಿ.

ಹಟಕ್ಕೆ ಕಾರಣವೇನು?

ಹಿರಿಯರು ಸಾಮಾನ್ಯವಾಗಿ ಇದನ್ನು ಕೊಬ್ಬು ಎನ್ನುತ್ತಾರೆ. "ಎರಡು ದಿನ ಉಪವಾಸ ಕೆಡವಿದರೆ ಎಲ್ಲವನ್ನೂ ತಿನ್ನುತ್ತಾನೆ" ಎಂಬ ಮಾತು ಪ್ರತಿ ಊರಿನಲ್ಲಿಯೂ ಉಂಟು. ಈ ಅಭಿಪ್ರಾಯವು ಪೂರ್ಣವಾಗಿ ಸರಿಯಲ್ಲ. ಎಲ್ಲರ ನಾಲಗೆಯೂ ಒಂದೇ ಸಮನಾಗಿರುವುದಿಲ್ಲ. 1931ರಲ್ಲಿ ಅಮೆರಿಕದ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಒಂದು ಪುಡಿಯು ಗಾಳಿಗೆ ಹಾರಿದಾಗ, ಜೊತೆಯಲ್ಲಿದ್ದವನಿಗೆ ಅದು ಬಹು ಕಹಿಯೆನಿಸಿತು, ಫಾಕ್ಸನಿಗೆ ಮಾತ್ರ ಏನೂ ರುಚಿಯೇ ತೋರಲಿಲ್ಲ. ಈ ಭೇದವು ಹುಟ್ಟಿನಿಂದ ಬರುವುದೆಂದು ಆಮೇಲೆ ಗೊತ್ತಾಯಿತು. ಎಲೆಕೋಸು, ಸಾಸಿವೆಯ ಜಾತಿಯ ತರಕಾರಿಗಳ ಕಹಿಯೂ ಕೆಲವರಿಗೆ ಹೆಚ್ಚಾಗಿಯೂ ಕೆಲವರಿಗೆ ಕಡಮೆಯಾಗಿಯೂ ತೋರುವುದು ಇದೇ ಕಾರಣದಿಂದ. ಒಬ್ಬನಿಗೆ ಸವಿಯಾದುದು ಮತ್ತೊಬ್ಬನಿಗೆ ನಿಜವಾಗಿಯೂ ಕಹಿಯಾಗಿರಬಹುದು.

ಇದಲ್ಲದೆ, ಎರಡರಿಂದ ಆರು ವರ್ಷದ ಮಕ್ಕಳಿಗೆ ಹೊಸ ತಿನಿಸನ್ನು ಕಂಡರೆ ಹಿಂಜರಿಯುವ ಸ್ವಭಾವವು ಹೆಚ್ಚು. ಹೊಸ ಪದಾರ್ಥವೊಂದನ್ನು ಮಗುವು ಒಪ್ಪಬೇಕಾದರೆ ಎಂಟು, ಹತ್ತು, ಕೆಲವು ವೇಳೆ ಹದಿನೈದು ಸಲ ಚೂರುಚೂರಾಗಿ ರುಚಿ ನೋಡಬೇಕಾಗುವುದೆಂದು ಮಕ್ಕಳ ಆಹಾರವನ್ನು ಪರೀಕ್ಷಿಸಿದ ವಿದ್ವಾಂಸರು ಕಂಡುಕೊಂಡಿದ್ದಾರೆ. ಹೆಚ್ಚು ಮಂದಿ ತಾಯಂದಿರು ಮೂರನೆಯ ಸಲಕ್ಕೇ ಕೈಬಿಡುತ್ತಾರೆ. ಹೊಡೆದು ತಿನ್ನಿಸಿದರೆ ಆ ಪದಾರ್ಥಕ್ಕೂ ಪೆಟ್ಟಿಗೂ ನಂಟು ಬೆಳೆದು, ದೊಡ್ಡವನಾದ ಮೇಲೂ ಅಸಹ್ಯವು ಉಳಿಯುವ ಸಂಭವವುಂಟು.

ಮನೆಯ ಯಜಮಾನನ ಪಾಲೂ ಇದರಲ್ಲಿ ಇದೆಯೆಂಬುದನ್ನು ಮುಚ್ಚಿಡುವುದು ಸರಿಯಲ್ಲ. ತಂದೆಯು ಹುರುಳಿಯ ಸಾರನ್ನು ಕಂಡು ಮುಖ ಸಿಂಡರಿಸಿದರೆ ಮಗನು ಅದನ್ನು ಆ ದಿನವೇ ಕಲಿಯುತ್ತಾನೆ. ಹೆಂಗಸರು ಬಡಿಸಿದ್ದನ್ನು ಹಳಿಯುತ್ತ ಊಟ ಮಾಡುವುದು ಗಂಡಸಿನ ಹಕ್ಕೆಂದು ಭಾವಿಸಿರುವ ಮನೆಯಲ್ಲಿ ಮಕ್ಕಳು ತಟ್ಟೆ ಸರಿಸಿದರೆ ಆಶ್ಚರ್ಯವೇನು?

ಪರಿಹಾರವು ಒಲೆಯ ಮುಂದೆಯೇ ಇದೆ

ಬೈಗುಳವೂ ಬೇಡ, ಉಪವಾಸವೂ ಬೇಡ. ಯಾರು ಹಟ ಹಿಡಿಯುತ್ತಾರೋ ಅವರ ಕೈಗೇ ಸೌಟನ್ನು ಕೊಡುವುದು ಉತ್ತಮ. ಹುಡುಗನಾಗಲಿ ಹುಡುಗಿಯಾಗಲಿ, ಮದುವೆಯಾದ ಗಂಡಸೇ ಆಗಲಿ, ಊಟದಲ್ಲಿ ಇದು ಬೇಡ ಅದು ಬೇಡ ಎನ್ನುವವರು ಮನೆಯಲ್ಲಿ ಅಡಿಗೆ ಮಾಡುವುದನ್ನು ಕಲಿಯತಕ್ಕದ್ದು.

ಇದಕ್ಕೆ ಮೂರು ಕಾರಣಗಳಿವೆ. ಅಡಿಗೆ ಮಾಡುವವನಿಗೆ ತನಗೆ ಯಾವುದು ಆಗದೆಂಬುದು ಸ್ಪಷ್ಟವಾಗಿ ತಿಳಿಯುತ್ತದೆ. "ಸೊಪ್ಪು ಆಗದು" ಎನ್ನುತ್ತಿದ್ದವನಿಗೆ, ಆಗದಿರುವುದು ಸೊಪ್ಪಲ್ಲ, ಹೆಚ್ಚು ಹೊತ್ತು ಕುದಿಸಿದಾಗ ಬರುವ ವಾಸನೆ ಎಂದು ಗೊತ್ತಾಗುತ್ತದೆ. ಎರಡನೆಯದಾಗಿ, ಬೇಯುವ ಪದಾರ್ಥವನ್ನು ಮುಟ್ಟಿ, ಮೂಸಿ, ಉಪ್ಪು ನೋಡುವಷ್ಟರಲ್ಲಿ ಅದು ಹೊಸತೆಂಬ ಭಯವು ಹೋಗುತ್ತದೆ. ಮೇಲೆ ಹೇಳಿದ ಹತ್ತು ಹದಿನೈದು ಸಲದ ರುಚಿಯು ಹಿಂಸೆಯಿಲ್ಲದೆ ನಡೆದುಹೋಗುತ್ತದೆ. ಮೂರನೆಯದಾಗಿ, ಹೊಗೆಯಲ್ಲಿ ಕಣ್ಣೊರೆಸಿಕೊಂಡವನು ಇನ್ನೊಬ್ಬರ ಅಡಿಗೆಯನ್ನು ಸುಲಭವಾಗಿ ಹಳಿಯಲಾರನು.

ಈ ಸೀಮೆಯ ಅಡಿಗೆಯು ಇಂಥ ಅಭ್ಯಾಸಕ್ಕೆ ಬಹಳ ಅನುಕೂಲವಾಗಿರುವುದೆಂಬುದನ್ನು ಗಮನಿಸಬೇಕು. ಉಪ್ಪೆಸರನ್ನೇ ನೋಡಬಹುದು. ಕಾಳನ್ನೂ ಸೊಪ್ಪನ್ನೂ ಉಪ್ಪು ಹಾಕಿ ಬೇಯಿಸಿದ ನೀರೇ ಸಾರು. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಿಸೆಗಳನ್ನು ಅರೆದ ಖಾರವನ್ನು ಬೇರೆಯಾಗಿ ಬಡಿಸುತ್ತಾರೆ. ಅಜ್ಜನು ಬೇಕಾದಷ್ಟು ಖಾರವನ್ನು ಕದಡಿಕೊಳ್ಳಬಹುದು, ಮೊಮ್ಮಗನು ಸಾಸಿವೆಕಾಳಿನಷ್ಟನ್ನು ಮುಟ್ಟಿಕೊಳ್ಳಬಹುದು. ಒಂದೇ ಪಾತ್ರೆಯಲ್ಲಿ ಬೆಂದದ್ದು ಹತ್ತು ನಾಲಗೆಗೆ ಹೊಂದುತ್ತದೆ. ಬಸ್ಸಾರೂ ಹಾಗೆಯೇ: ಬೆಂದ ಕಾಳುಸೊಪ್ಪನ್ನು ಬಸಿದರೆ ನೀರು ಸಾರಾಗುತ್ತದೆ, ಉಳಿದದ್ದು ಒಗ್ಗರಣೆ ಬಿದ್ದು ಪಲ್ಯವಾಗುತ್ತದೆ. ಪಲ್ಯವನ್ನು ಒಲ್ಲದವನು ಸಾರಿನಿಂದ ಪ್ರಾರಂಭಿಸಬಹುದು. ಮನೆಮಂದಿಯೆಲ್ಲ ಒಂದೇ ರುಚಿಗೆ ಒಗ್ಗಬೇಕೆಂಬ ಬಲಾತ್ಕಾರವು ಹಿಂದಿನವರ ಅಡಿಗೆಯಲ್ಲಿ ಇರಲಿಲ್ಲ.

ಕಲಿಯತಕ್ಕ ಕ್ರಮ

ಹೊಸಬನು ಹಬ್ಬದ ಅಡಿಗೆಗೆ ಕೈ ಹಾಕಬಾರದು. ತಾನು ಈಗಾಗಲೇ ಇಷ್ಟಪಡುವ ಒಂದು ಪದಾರ್ಥವನ್ನು ಚೆನ್ನಾಗಿ ಮಾಡಲು ಕಲಿತು, ಆಮೇಲೆ ಅದಕ್ಕೆ ಒಂದೊಂದಾಗಿ ಹೊಸ ವಸ್ತುವನ್ನು ಸೇರಿಸುತ್ತ ಹೋಗಬೇಕು. ರೊಟ್ಟಿ ತಿನ್ನುವವನು ಆ ಹಿಟ್ಟಿಗೆ ಮೊದಲು ಈರುಳ್ಳಿ, ವಾರದ ಮೇಲೆ ಕೊತ್ತಂಬರಿ, ಆಮೇಲೆ ಹಿಡಿಯಷ್ಟು ನುಗ್ಗೆಸೊಪ್ಪು ಸೇರಿಸಬಹುದು. ಒಂದು ಹೊತ್ತಿಗೆ ಒಂದೇ ಹೊಸತು ಎಂಬುದು ನಿಯಮವಾಗಿರಲಿ.

ರಾಗಿಯನ್ನು ಒಲ್ಲದವರು ಮುದ್ದೆಯಿಂದಲೇ ಪ್ರಾರಂಭಿಸಬೇಕೆಂದಿಲ್ಲ. ಹುರಿಹಿಟ್ಟಿಗೆ ಬೆಲ್ಲ, ಕಾಯಿತುರಿ ಕಲಸಿದರೆ ಬೇಡವೆನ್ನುವ ಮಗುವು ಅಪರೂಪ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದ ಹಿಟ್ಟಿನ ಗಂಜಿಯು ಸಿಹಿಯಾಗಿಯೂ ಹಗುರವಾಗಿಯೂ ಇರುತ್ತದೆ; ಮೊಳಕೆಯಿಂದ ಅದರಲ್ಲಿರುವ ಕಬ್ಬಿಣ, ಸುಣ್ಣಗಳು ದೇಹಕ್ಕೆ ಹೆಚ್ಚು ದಕ್ಕುತ್ತವೆ. ಸರ್ಕಾರವು 2024ರಿಂದ ಶಾಲೆಯ ಮಕ್ಕಳಿಗೆ ಹಾಲಿನೊಡನೆ ರಾಗಿಮಾಲ್ಟನ್ನು ಕೊಡಿಸಲು ಪ್ರಾರಂಭಿಸಿದುದನ್ನು ಹಿರಿಯರು ಬಲ್ಲರು. ಶಾಲೆಯಲ್ಲಿ ಕುಡಿಯುವ ಮಗುವಿಗೆ ಮನೆಯಲ್ಲಿ ಅದೇ ಏಕೆ ದೊರೆಯಬಾರದು?

ಮುದ್ದೆಯು ಗಂಟಲಿಗೆ ಅಂಟುತ್ತದೆಂಬ ದೂರಿಗೆ ಮುಖ್ಯ ಕಾರಣವು ಅರೆಬೆಂದ ಹಿಟ್ಟು. ಒಂದು ಪಾವು ಹಿಟ್ಟಿಗೆ ಎರಡು ಪಾವಿನಷ್ಟು ನೀರನ್ನು ಇಟ್ಟು, ಅದರಲ್ಲಿ ಚಮಚದಷ್ಟು ಹಿಟ್ಟನ್ನು ಕದಡಿ ಕುದಿಸಬೇಕು. ಚೆನ್ನಾಗಿ ಮಳ್ಳಿದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೂಡಲೆ ಕಲಕದೆ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಡಬೇಕು. ಆಮೇಲೆ ಪಾತ್ರೆಯನ್ನು ಅಲುಗದಂತೆ ಹಿಡಿದು, ಕೋಲಿನಿಂದ ಗಂಟು ಉಳಿಯದಂತೆ ತೊಳಸಬೇಕು. ಒದ್ದೆ ಬೆರಳಿಗೆ ಹಿಟ್ಟು ಅಂಟದಿದ್ದರೆ ಬೆಂದಿದೆಯೆಂದು ತಿಳಿಯತಕ್ಕದ್ದು. ತೊಳಸುವುದಕ್ಕೆ ರಟ್ಟೆಯ ಬಲ ಬೇಕು; ಗಂಡುಮಕ್ಕಳು ಈ ಕೆಲಸಕ್ಕೆ ಅಯೋಗ್ಯರೆಂದು ಯಾರು ಹೇಳಬಲ್ಲರು?

ತರಕಾರಿಗಳ ದೋಷಗಳಿಗೂ ಉಪಾಯಗಳುಂಟು. ಬೆಂಡೆಯನ್ನು ತೊಳೆದು ಒರೆಸಿ ತೇವವಾರಿದ ಮೇಲೆ ಹೆಚ್ಚಿ, ಮುಚ್ಚದೆ ಹುರಿದು, ಹುಣಿಸೆಯ ಹುಳಿಯನ್ನೋ ಮಜ್ಜಿಗೆಯನ್ನೋ ಸೇರಿಸಿದರೆ ಲೋಳೆಯು ಮುರಿಯುತ್ತದೆ. ಹಾಗಲವನ್ನು ತೆಳ್ಳಗೆ ಹೆಚ್ಚಿ, ಉಪ್ಪು ಸವರಿ, ಅರ್ಧ ಗಂಟೆಯ ಮೇಲೆ ಹಿಂಡಿ, ಹುಣಿಸೆ ಬೆಲ್ಲಗಳ ಗೊಜ್ಜು ಮಾಡಿದರೆ ಕಹಿಯು ಹದಕ್ಕೆ ಬರುತ್ತದೆ. ರಸಬಾಳೆಗೆ ಹೆಸರಾದ ನಂಜನಗೂಡಿನ ಸೀಮೆಯಲ್ಲಿ ಬಾಳೆದಿಂಡನ್ನು ಎಸೆಯುವುದು ನಾಚಿಕೆಗೇಡು. ಬಿಲ್ಲೆಯಾಗಿ ಕೊಯ್ಯುವಾಗ ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆದು, ಹೆಚ್ಚಿದ್ದನ್ನು ಮಜ್ಜಿಗೆ ನೀರಿನಲ್ಲಿ ಹಾಕಿದರೆ ಕಪ್ಪಾಗದು, ಹಲ್ಲಿಗೂ ಸಿಕ್ಕದು. ಸೊಪ್ಪನ್ನು ಕಡಮೆ ನೀರಿನಲ್ಲಿ, ಕಡಮೆ ಹೊತ್ತು ಬೇಯಿಸಿ, ಬಡಿಸುವಾಗ ನಿಂಬೆಯ ಹುಳಿ ಹಿಂಡಿದರೆ ರುಚಿಯೂ ಹೆಚ್ಚು, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವು ರಕ್ತಕ್ಕೆ ಸೇರುವುದೂ ಹೆಚ್ಚು.

ಆಕ್ಷೇಪಗಳಿಗೆ ಸಮಾಧಾನ

ಗಂಡುಮಕ್ಕಳು ಒಲೆ ಹಚ್ಚುವುದು ಮರ್ಯಾದೆಗೆ ಕಡಮೆಯೆಂದು ಕೆಲವರು ಹೇಳಬಹುದು. ಈ ದೇಶದಲ್ಲಿ ಒಳ್ಳೆಯ ಅಡಿಗೆಗೆ ನಳಪಾಕವೆಂದೂ ಭೀಮಪಾಕವೆಂದೂ ಹೆಸರು. ಇಬ್ಬರೂ ಕ್ಷತ್ರಿಯರು, ಒಬ್ಬನು ದೊರೆಯೇ. ಜಾತ್ರೆಯಲ್ಲಿಯೂ ಮದುವೆಯ ಮನೆಯಲ್ಲಿಯೂ ಹಂಡೆಗಟ್ಟಲೆ ಬೇಯಿಸುವವರು ಬಹುಮಟ್ಟಿಗೆ ಗಂಡಸರೇ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರವೆಂಬ ಗ್ರಂಥದಲ್ಲಿ ಗಿಡಮರಗಳ ಆರೈಕೆ, ಅಂತರ್ಜಲವನ್ನು ಹುಡುಕುವ ಬಗೆ, ಅಡಿಗೆ ಇವುಗಳೆಲ್ಲ ಒಂದೇ ಪುಸ್ತಕದೊಳಗೆ ಸ್ಥಾನ ಪಡೆದಿವೆ. ತೋಟವನ್ನು ಬಲ್ಲವನು ಒಲೆಯನ್ನೂ ಬಲ್ಲವನಾಗಿರಬೇಕೆಂಬ ಭಾವನೆಯು ಕನ್ನಡ ನಾಡಿಗೆ ಸಾವಿರ ವರ್ಷದಷ್ಟು ಹಳೆಯದು. ಹದಿನಾರನೆಯ ಶತಮಾನದ ಮೊದಲಿನಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನೇ ಬರೆದನು. ಇವರಾರಿಗೂ ಮರ್ಯಾದೆ ಹೋಗಲಿಲ್ಲ.

ಕಲಿಯುವವರು ಪದಾರ್ಥವನ್ನು ಕೆಡಿಸುತ್ತಾರೆಂಬುದು ಎರಡನೆಯ ಆಕ್ಷೇಪ. ನಿಜ, ಮೊದಮೊದಲು ಸೀಯುತ್ತದೆ, ಉಪ್ಪು ಮಿಂಚುತ್ತದೆ. ನೇಗಿಲು ಹಿಡಿದ ಮೊದಲ ದಿನ ಯಾರ ಸಾಲೂ ನೆಟ್ಟಗಿರಲಿಲ್ಲ. ಕೆಟ್ಟ ಒಂದು ಪಾವು ಹಿಟ್ಟಿಗಿಂತ ವರುಷಗಟ್ಟಲೆ ತಟ್ಟೆಯಲ್ಲಿ ಉಳಿಯುವ ಅನ್ನವು ಹೆಚ್ಚಿನ ನಷ್ಟ. ಕಾರ್ಖಾನೆಯ ಪಾಳಿಗೆ ಹೋಗುವವನಿಗೆ ಬಿಡುವಿಲ್ಲವೆಂಬುದು ಮೂರನೆಯದು. ವಾರದ ರಜೆಯಲ್ಲಿ ಒಂದು ಹೊತ್ತಿನ ಅಡಿಗೆಯನ್ನು ವಹಿಸಿಕೊಳ್ಳುವುದರಿಂದ ಪ್ರಾರಂಭಿಸಿದರೆ ಸಾಕು. ಮುಂದೆ ದೂರದ ಊರಿನಲ್ಲಿ ಕೋಣೆ ಮಾಡಿಕೊಂಡು ಇರಬೇಕಾದಾಗ ಈ ಕಲಿಕೆಯೇ ಅವನ ಆರೋಗ್ಯವನ್ನೂ ಸಂಬಳವನ್ನೂ ಕಾಯುತ್ತದೆ.

ಒಂದು ಎಚ್ಚರಿಕೆಯು ಅವಶ್ಯಕ. ಎಲ್ಲ ನಿರಾಕರಣೆಯೂ ಹಟವಲ್ಲ. ಯಾವುದಾದರೊಂದು ಪದಾರ್ಥವನ್ನು ತಿಂದಾಗ ಮೈ ದದ್ದರಿಸುವುದು, ತುಟಿ ಊದುವುದು, ಉಸಿರು ಕಟ್ಟುವುದು ಕಂಡರೆ, ಅಥವಾ ಮಗುವು ತೂಕದಲ್ಲಿ ಏಳದೆ, ನುಂಗಲು ಕಷ್ಟಪಡುತ್ತ, ಎರಡು ಮೂರು ಪದಾರ್ಥಗಳ ಹೊರತು ಏನನ್ನೂ ತಿನ್ನದಿದ್ದರೆ, ವೈದ್ಯರಿಗೆ ತೋರಿಸಬೇಕು. ಅಂಥವರನ್ನು ಬಲವಂತಪಡಿಸಕೂಡದು. ಸಣ್ಣ ಮಕ್ಕಳಿಗೆ ಕಾಳು ಬಿಡಿಸುವುದು, ಸೊಪ್ಪು ಸೋಸುವುದು, ಉಂಡೆ ಕಟ್ಟುವುದು ಇವೇ ಸಾಕು. ಬೆಂಕಿ, ಈಳಿಗೆಮಣೆಗಳ ಹತ್ತಿರ ಬಿಡಬಾರದು.

ಮುಖಂಡರ ಕರ್ತವ್ಯ

ವಂಶಪಾರಂಪರ್ಯವಾದ ಪಟೇಲಿಕೆಯು 1961ರ ಕಾಯಿದೆಯಿಂದ ರದ್ದಾದರೂ ಊರಿನ ಹಿರಿತನವು ರದ್ದಾಗಿಲ್ಲ. ಹಿರಿಯರ ಮನೆಯ ಪದ್ಧತಿಯನ್ನು ಊರು ಈಗಲೂ ನೋಡುತ್ತದೆ. ಆದಕಾರಣ ಮೊದಲನೆಯದಾಗಿ, ಯಜಮಾನರು ತಮ್ಮ ತಟ್ಟೆಯಲ್ಲಿ ಮನೆಯ ಹೊಲದ ರಾಗಿಗೂ ಕಾಳಿಗೂ ಮಾನವನ್ನು ಕೊಡಬೇಕು. ನೆಂಟರು ಬಂದ ದಿನ ಅವನ್ನು ಬಚ್ಚಿಡಬಾರದು. ಎರಡನೆಯದಾಗಿ, ವರುಷದ ಖರ್ಚಿಗೆ ಬೇಕಾದ ರಾಗಿ, ಅವರೆ, ಹುರುಳಿಗಳನ್ನು ಎತ್ತಿಟ್ಟು ಉಳಿದದ್ದನ್ನು ಮಾತ್ರ ಮಾರಬೇಕು. ಮೂರನೆಯದಾಗಿ, ನೀರಾವರಿಯಿರುವವರು ಬದುವಿನ ಮೇಲಾದರೂ ನುಗ್ಗೆ, ಅವರೆ, ಸೊಪ್ಪುಗಳಿಗೆ ಜಾಗವನ್ನು ಬಿಟ್ಟು, ಅದನ್ನು ಮಕ್ಕಳ ವಶಕ್ಕೆ ಕೊಡಬೇಕು. ತಾನು ನೀರು ಹೊಯ್ದ ಗಿಡದ ಕಾಯನ್ನು ಮಗುವು ತಿರಸ್ಕರಿಸುವುದು ಕಡಮೆ. ನಾಲ್ಕನೆಯದಾಗಿ, ಶಾಲೆಯ ಉಪಾಧ್ಯಾಯರೊಡನೆಯೂ ಸ್ತ್ರೀಶಕ್ತಿ ಸಂಘದವರೊಡನೆಯೂ ಮಾತನಾಡಿ, ಸುಗ್ಗಿಯಾದ ಮೇಲೆ ಒಂದು ದಿನ ಊರಿನ ಹುಡುಗರಿಂದಲೇ ಊರಿನ ಬೆಳೆಯ ಅಡಿಗೆಯನ್ನು ಮಾಡಿಸಿ, ಹಿರಿಯರು ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು.

ಇವುಗಳಿಗೆ ಸರ್ಕಾರದ ಹಣ ಬೇಕಿಲ್ಲ, ಅಧಿಕಾರಿಯ ಅಪ್ಪಣೆ ಬೇಕಿಲ್ಲ. ಬೇಕಾದುದು ಯಜಮಾನನ ಮನಸ್ಸು ಮಾತ್ರ. ಮಗನ ಕೈಗೆ ಹೊಲದ ಪಹಣಿಯನ್ನು ಒಪ್ಪಿಸುವ ಮೊದಲು ಆ ಹೊಲದ ಬೆಳೆಯನ್ನು ಬೇಯಿಸಿ ತಿನ್ನುವ ಬಗೆಯನ್ನು ಅವನಿಗೆ ಒಪ್ಪಿಸುವುದು ಮೇಲು. ಬೇಯಿಸಲು ತಿಳಿದವನು ಹೊಲವನ್ನು ಬಿಟ್ಟು ಎಷ್ಟು ದೂರ ಹೋದರೂ ಅದರ ಬೆಳೆಯನ್ನು ಬಯಸುತ್ತಾನೆ. ತಿಳಿಯದವನಿಗೆ ಅದೇ ಹೊಲವು ಬೆಲೆ ಬಂದಾಗ ಮಾರತಕ್ಕ ನೆಲವಾಗಿ ತೋರುತ್ತದೆ.